ಕಾರ್ಬುರೇಟರಿಗೆ ಹಲಸಿನ ಮೇಣ

ನನ್ನ ಹಳೆಯ ಬೈಕಿನ ಕಾರ್ಬುರೇಟರ್ ಸೋರತೊಡಗಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಇಷ್ಟಕ್ಕೆಲ್ಲ ಮೆಕ್ಯಾನಿಕ್ಕನ ಬಾಗಿಲಿಗೆ ಹೋಗಬೇಕೇ ಎಂದು ಸಿಟ್ಟು ಬಂತು. ನಮ್ಮ ಕಡೆ ಕೊಡ ತೂತಾದರೂ ಹಲಸಿನ ಮೇಣ, ಬಕೆಟ್ ಸೀಳಿದರೂ ಹಲಸಿನ ಮೇಣ. ಹಿತ್ತಲಿನಿಂದ ಎಳೆಯ ಕಾಯಿ ಕೊಯ್ದು ತಂದು, ಅದರ ಮೇಣವನ್ನು ಸೋರುವ ಜಾಗಕ್ಕೆ ದಪ್ಪಗೆ ಮೆತ್ತಿದೆ. ಕೈಗೆ ಅಂಟಿದ್ದನ್ನು ಕೆಳಗೆ ತೊಟ್ಟಿಕ್ಕಿದ್ದ ಪೆಟ್ರೋಲಿನಲ್ಲೇ ಒರೆಸಿಕೊಂಡೆ. ಸಲೀಸಾಗಿ ಹೋಯಿತು.

“ಇನ್ನು ಹತ್ತು ವರ್ಷ ಇದರ ಚಿಂತೆಯಿಲ್ಲ” ಎಂದು ಹೆಂಡತಿಗೆ ಹೇಳಿ ಹೊರಟೆ. ಹೊಸನಗರದ ಪೇಟೆ ಮುಟ್ಟುವಷ್ಟರಲ್ಲಿ ಪ್ಯಾಂಟಿನ ಎಡಗಾಲು ಪೆಟ್ರೋಲಿನಲ್ಲಿ ತೊಯ್ದು, ಮೇಣವೆಲ್ಲ ಚಪ್ಪಲಿಯ ಮೇಲೆ ಇಳಿದಿತ್ತು.

ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ತಡೆಯುವ ಪುಟ್ಟ ಸೂಜಿಯ ತುದಿಗೆ ಸಿಕ್ಕಿದ್ದ ಕಸವನ್ನು ಊದಿ ತೆಗೆದ. ಸೋರುವುದು ನಿಂತಿತು.

“ಇದೆಂತ ಅಂಟು ಮಾಷ್ಟ್ರೇ?”

ಹೇಳಿದೆ. ಪುಣ್ಯಾತ್ಮ ನಗಲಿಲ್ಲ.

“ಮೇಣ ಕೈಗೆ ಹತ್ತಿದ್ರೆ ಎಂತದ್ರಲ್ಲಿ ತೆಗೀತೀರಿ?” ಎಂದು ಕೇಳಿದ.

“ಪೆಟ್ರೋಲಲ್ಲಿ” ಎಂದೆ, ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ. ನನ್ನ ಉತ್ತರ ನನಗೇ ಕೇಳಿಸಿದ್ದು, ಹೇಳಿ ಮುಗಿದ ಮೇಲೆ.