ಬಾಗಿಲ ಹೊರಗೆ ಕನೋಯೆ ಆಂಟಿ

ಕನೋಯೆ ಆಂಟಿ ಬೆಡ್‌ಶೀಟ್ ಮಡಚುವುದನ್ನು ನೋಡದವರಿಗೆ ನನ್ನ ಮಾತು ಅತಿಯಾಯಿತು ಅನ್ನಿಸಬಹುದು. ಅನ್ನಿಸಲಿ. ಹವಾಯಿ ದ್ವೀಪದ ನಮ್ಮ ಹಿಲೋ ಊರಿನ ಕಡಲಂಚಿನ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷದಿಂದ ಮಡಚುವ ಮೇಜಿನ ಮುಂದೆ ನಿಂತಿದ್ದಾಳೆ. ಮಡಚಿದ್ದನ್ನು ಗಾಡಿಗೆ ತುಂಬಿ ಮಹಡಿ ಮಹಡಿಗೆ ಮುಟ್ಟಿಸುವವಳು ನಾನು. ಬಿಸಿ ಶೀಟನ್ನು ಅವಳು ಗಾಳಿಗೆ ಎಸೆದು, ಎರಡೂ ತೋಳು ಚಾಚಿ, ಅದು ಇಳಿಯುವಷ್ಟರಲ್ಲಿ ಮಣಿಕಟ್ಟು ತಿರುಗಿಸಿ ಮೂಲೆಗೆ ಮೂಲೆ ಕೂಡಿಸುತ್ತಾಳೆ. ಐವತ್ತೊಂಬತ್ತು ವರ್ಷದ, ಮಂಡಿ ನೋವಿನ, ಭಾರೀ ದೇಹದ ಹೆಂಗಸು. ಆದರೆ ಆ ಕೈಗಳಿಗೆ ವಯಸ್ಸಾಗಿಲ್ಲ. ಸುಮ್ಮನೆ ನಿಂತು ನೋಡಿ ಮೇಲ್ವಿಚಾರಕನಿಂದ ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಚಳಿಗಾಲ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹಿಮ ಬೀಳುವ ಊರುಗಳ ಜನ ಬಿಸಿಲು ಹುಡುಕಿಕೊಂಡು ಬರುತ್ತಾರೆ, ಹಿಲೋದ ಮಳೆಯಲ್ಲಿ ತೊಯ್ದು ಕೋಣೆಗೆ ಆರಾರು ಟವೆಲ್ ಕೇಳುತ್ತಾರೆ. ನಾವೋ, ಮೌನಾ ಕೆಯಾದ ನೆತ್ತಿಗೆ ಹಿಮ ಬಿತ್ತು ಎಂಬ ಸುದ್ದಿ ಸಿಕ್ಕರೆ ಸಾಕು, ಸಲಿಕೆ ಹಿಡಿದು ಟ್ರಕ್ ಹತ್ತಿ ಬೆಟ್ಟಕ್ಕೆ ಓಡುತ್ತೇವೆ. ಟ್ರಕ್ ತುಂಬ ಹಿಮ ಹೇರಿಕೊಂಡು ಬಂದು ಕಡಲತೀರದಲ್ಲಿ ಗೊಂಬೆ ಮಾಡಿ, ಅದಕ್ಕೆ ಹೂಮಾಲೆ ಹಾಕಿ, ಅದು ಕರಗಿ ಮರಳಿಗೆ ಇಳಿಯುವತನಕ ನಾಲ್ಕು ತಂತಿಯ ಉಕುಲೇಲೆ ಬಾರಿಸುತ್ತ ಬಿಯರ್ ಕುಡಿಯುತ್ತೇವೆ. ತಾವು ಬಿಟ್ಟು ಓಡಿಬಂದದ್ದನ್ನೇ ಇವರು ಬೆಟ್ಟ ಹತ್ತಿ ಹೊತ್ತು ತರುತ್ತಾರಲ್ಲ ಎಂದು ಅತಿಥಿಗಳು ತಲೆ ಕೆರೆದುಕೊಳ್ಳುತ್ತಾರೆ.

ಆ ಜನವರಿಯಲ್ಲಿ ನಮ್ಮ ಹೂಲಾ ಕುಣಿತದ ಗುರು, ಕುಮು ಎಂದು ನಾವು ಕರೆಯುವ ಯುಡೋರಾ, ಬೆಟ್ಟದ ಹಿಮದೇವಿಯ ಕುಣಿತವನ್ನು ನಮಗೆ ಕಲಿಸುತ್ತಿದ್ದರು. ತಿಂಗಳ ಕೊನೆಯ ಶನಿವಾರ ಕಡಲತೀರದಲ್ಲಿ ಅದನ್ನು ಕುಣಿಯಬೇಕಿತ್ತು. ಕಲಿಸುವುದಕ್ಕೆ ಮೊದಲೇ ಅವರು ಇನ್ನೊಂದು ಮಾತು ಹೇಳಿದ್ದರು.

“ಇದಾದ್ಮೇಲೆ ಬಾಗಿಲು ಹಾಕ್ತೀನಿ. ಎಂಬತ್ತಾರಾಯ್ತು. ಉಸಿರು ಸಾಲ್ತಿಲ್ಲ. ಅಳೋರು ಮನೇಲಿ ಅತ್ಕೊಳ್ಳಿ, ಇಲ್ಲಿ ಮಂಡಿ ಬಗ್ಸಿ.”

ನಾನು ಮನೆಯಲ್ಲೂ ಅಳಲಿಲ್ಲ, ಸಿಟ್ಟು ಮಾಡಿಕೊಂಡೆ. ಹನ್ನೆರಡು ವರ್ಷ ಅವರ ಪಾಠದ ಶೆಡ್ಡಿನಲ್ಲಿ ಕುಣಿದವಳು ನಾನು. ಕುಣಿತ ಒಲಿಯಿತೆಂದಲ್ಲ, ಬಿಡಲಾಗಲಿಲ್ಲ ಅಷ್ಟೇ.

ಎರಡನೆಯ ಪಾಠದ ಮರುದಿನ ಒಗೆಯುವ ಕೋಣೆಯಲ್ಲಿ ಯಂತ್ರಗಳ ನಡುವೆ ನಿಂತು ಹಿಮ ಬೀಳುವ ಹಸ್ತವನ್ನು ಅಭ್ಯಾಸ ಮಾಡುತ್ತಿದ್ದೆ. ಕನೋಯೆ ಆಂಟಿ ದಿಂಬಿನ ಚೀಲ ಮಡಚುತ್ತ ಓರೆಗಣ್ಣಲ್ಲಿ ನೋಡಿದಳು.

“ಪೋಹಾ, ಏನೇ ಅದು? ನೊಣ ಓಡಿಸ್ತಿದೀಯಾ?”

“ಹಿಮ ಆಂಟಿ. ಇಲ್ಲಿ ನೆಲ ಜಾರತ್ತೆ, ಅದಕ್ಕೇ ಸರಿಯಾಗ್ತಿಲ್ಲ.”

“ಕುಣಿಯೋಕೆ ಬರ್ದಿದ್ದೋಳು ನೆಲ ಡೊಂಕು ಅಂದ್ಲಂತೆ,” ಎಂದಳು. ಚೀಲ ಕೆಳಗಿಟ್ಟಳು. ಕೈ ಮೇಲೆತ್ತಿದಳು.

ಅದನ್ನು ಹೇಗೆ ಹೇಳಲಿ? ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಆದರೆ ಅವಳ ಬೆರಳು ಒಂದೊಂದಾಗಿ ಇಳಿಯುತ್ತ ಬಂದಾಗ ನನ್ನ ತೋಳಿನ ರೋಮ ಎದ್ದು ನಿಂತವು. ಎಂಟು ಯಂತ್ರಗಳ ಧಗೆಯಲ್ಲಿ ನನಗೆ ನಿಜಕ್ಕೂ ಚಳಿಯಾಯಿತು. ಕುಮು ಎರಡು ಗುರುವಾರ ನಮ್ಮಿಂದ ಹೊರಡಿಸಲು ಹೆಣಗುತ್ತಿದ್ದದ್ದು ಇದನ್ನೇ.

“ಎಲ್ಲಿ ಕಲ್ತೆ ಇದನ್ನ?”

“ಗಾಡಿ ತುಂಬು. ನಾಲ್ಕನೇ ಮಹಡಿಯೋರು ಟವೆಲ್ ಇಲ್ದೆ ಒದ್ದೆ ಕೂತಿರ್ತಾರೆ,” ಎಂದು ಬೆನ್ನು ತಿರುಗಿಸಿದಳು.

ನಾನು ಬಿಡುವವಳೇ? ಮೂರು ದಿನ ಬೆನ್ನು ಹತ್ತಿದೆ. ನಾಲ್ಕನೆಯ ದಿನ ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಮುಸುಬಿ, ಅಂದರೆ ಕಾಗದದಲ್ಲಿ ಸುತ್ತಿದ ಅನ್ನದುಂಡೆ, ತಿನ್ನುವಾಗ, ಅನ್ನದ ತುತ್ತು ಬಾಯಲ್ಲಿಟ್ಟುಕೊಂಡೇ ಹೇಳಿದಳು. ಕುಮು ಯುಡೋರಾ ಶೆಡ್ಡಿನಲ್ಲಿ ಪಾಠ ಶುರು ಮಾಡಿದಾಗ ಬಂದ ಮೊದಲ ಆರು ಹುಡುಗಿಯರಲ್ಲಿ ಅವಳೂ ಒಬ್ಬಳಂತೆ. ಕುಮು ಅವಳಿಗೆ ಕುಣಿತದ ಜೊತೆ ಹಳೆಯ ಹಾಡಿನ ಪದಗಳನ್ನೂ ಬಾಯಿಪಾಠ ಮಾಡಿಸಿದ್ದರಂತೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಇದೇ ಹಿಮದೇವಿಯ ಕುಣಿತಕ್ಕೆ ಮುಂದಿನ ಸಾಲಿನಲ್ಲಿ ನಿಂತಿದ್ದಳು.

“ನಡುವೆ ತಲೆ ಮೇಲಿನ ಮಾಲೆ ಜಾರಿ ಬಿತ್ತು ಪೋಹಾ. ನಾನು ಬಗ್ಗಿ ಎತ್ಕೊಂಡೆ.”

ನನ್ನ ಮುಸುಬಿ ಕೈಯಲ್ಲೇ ಉಳಿಯಿತು. ಕುಣಿಯುವಾಗ ಮಾಲೆ ಬಿದ್ದರೆ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಯಾವ ದೇವಿಗಾಗಿ ಕುಣಿಯುತ್ತೇವೋ ಅವಳೇ ತೆಗೆದುಕೊಂಡಳು ಎಂದು ತಿಳಿದು ಕುಣಿಯುತ್ತಲೇ ಇರಬೇಕು. ಎತ್ತಿಕೊಂಡರೆ, ಕೊಟ್ಟದ್ದನ್ನು ಅವಳ ಕೈಯಿಂದ ಕಿತ್ತುಕೊಂಡ ಹಾಗೆ. ಐದು ವರ್ಷದ ಮಗುವಿಗೂ ಇಷ್ಟು ಗೊತ್ತು.

“ಗೊತ್ತಿತ್ತಲ್ಲ ಆಂಟಿ?”

“ಗೊತ್ತಿತ್ತು. ಆದ್ರೆ ಅದನ್ನ ಕಟ್ಟಿದ್ದು ನಮ್ಮಮ್ಮ. ಬೆರಳೆಲ್ಲ ಸೊಟ್ಟಗಾಗಿತ್ತು ಅವಳಿಗೆ. ಎರಡು ದಿನ ಕೂತು ಕಟ್ಟಿದ್ಲು. ಇಪ್ಪತ್ತು ಕಾಲು ಅದನ್ನ ತುಳಿಯೋದು ನೋಡೋಕಾಗ್ಲಿಲ್ಲ.”

ಕುಮು ಅಂದು ಒಂದು ಮಾತೂ ಆಡಲಿಲ್ಲವಂತೆ. ಮುಂದಿನ ಗುರುವಾರ ಪಾಠಕ್ಕೆ ಹೋದಳು. ಶೆಡ್ಡಿನೊಳಗೆ ನಾವು ಹಾಗೇ ನುಗ್ಗುವುದಿಲ್ಲ. ಹೊರಗೆ ನಿಂತು ಅಪ್ಪಣೆ ಕೇಳುವ ಪದ ಹಾಡುತ್ತೇವೆ. ದಾರಿ ದೂರವಿತ್ತು, ಕಾಲು ನೊಂದಿವೆ, ನನ್ನ ಗುರುತು ಸಿಕ್ಕಿತೇ ಎಂದು ಕೇಳುವ ಪದ. ಒಳಗಿಂದ ಗುರು ಹಾಡಿ ಕರೆದರೆ ಮಾತ್ರ ಹೊಸ್ತಿಲು ದಾಟಬೇಕು. ತಪ್ಪು ಮಾಡಿದವಳು ಒಬ್ಬಳೇ ನಿಂತು ಕೇಳಬೇಕೆಂದು ಅವಳು ಉಳಿದವರೆಲ್ಲ ಒಳಹೋಗುವವರೆಗೆ ಕಾದಳು. ಆಮೇಲೆ ಮೂರು ಸಲ ಹಾಡಿದಳು. ಒಳಗಿಂದ ಉತ್ತರ ಬರಲಿಲ್ಲ. ಮನೆಗೆ ಹೋದಳು, ಮತ್ತೆಂದೂ ಹೋಗಲಿಲ್ಲ. ನಲವತ್ತು ವರ್ಷವಾಯಿತು. ಮನೆಯಿಂದ ಶೆಡ್ಡಿಗೆ ಇರುವುದು ಒಂದೂವರೆ ಮೈಲಿ.

“ಕುಮು ಈ ತಿಂಗಳು ಬಾಗಿಲು ಹಾಕ್ತಾರೆ,” ಎಂದೆ. “ಗೊತ್ತಾ ನಿಂಗೆ?”

ಅವಳು ಮುಸುಬಿಯ ಕಾಗದವನ್ನು ಮಡಚಿದಳು, ಮತ್ತೆ ಮಡಚಿದಳು. “ಊರಿಗೆಲ್ಲ ಗೊತ್ತು. ಒಂದೇ ಒಂದ್ಸಲ ಆ ಸಾಲಲ್ಲಿ ನಿಲ್ಬೇಕು ಅಂತ ಆಸೆ. ಈಗ್ಲೂ ಕರೀದಿದ್ರೆ ಏನ್ಮಾಡ್ಲಿ? ಇಷ್ಟು ದಿನ, ಇನ್ನೊಂದ್ಸಲ ಹೋದ್ರೆ ಕರೀತಾರೇನೋ ಅಂತ ಅಂದ್ಕೊಂಡಾದ್ರೂ ಇದ್ದೆ. ಅದೂ ಹೋಗತ್ತೆ.”

ನನ್ನ ಬಾಯಿ ಸುಮ್ಮನಿರಬೇಕಲ್ಲ. “ನೀನು ಹೋಗ್ದೇ ಇದ್ರೂ ಆ ಆಸೆ ಮುಂದಿನ ತಿಂಗಳು ಹೆಂಗೂ ಹೋಗತ್ತೆ,” ಎಂದುಬಿಟ್ಟೆ. ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಗುರುವಾರ. ಸಂಜೆ ನಾನು ಟ್ರಕ್ ಹತ್ತುವಾಗ ಪಕ್ಕದ ಸೀಟಿನಲ್ಲಿ ಆಂಟಿ ಕೂತಿದ್ದಳು, ಮಡಿಲಲ್ಲಿ ಮಡಚಿದ ಕುಣಿತದ ಲಂಗ.

ಮಳೆ ಹನಿಯುತ್ತಿತ್ತು. ನಾವು ಹದಿನಾಲ್ಕು ಮಂದಿ ಹೊರಗೆ ನಿಂತು ಹಾಡಿದೆವು. ಕುಮು ಒಳಗಿಂದ ಸಣ್ಣ ದನಿಯಲ್ಲಿ ಕರೆದರು, ಒಳಗೆ ಹೋದೆವು. ಆಂಟಿ ಅಲ್ಲೇ ಉಳಿದಳು. ಕುಮು ಚಾಪೆಯ ಮೇಲೆ ಸೋರೆಬುರುಡೆಯ ವಾದ್ಯ ಹಿಡಿದು ಕೂತಿದ್ದರು. ನಮ್ಮನ್ನು ಎಣಿಸಿ ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಹೊರಗಿಂದ ಪದ ಕೇಳಿಸಿತು. ಅವರ ಕೈ ಬುರುಡೆಯ ಮೇಲೆಯೇ ನಿಂತುಬಿಟ್ಟಿತು.

ಆಂಟಿ ಹಾಡಿ ಮುಗಿಸಿದಳು. ಕುಮು ಉತ್ತರಿಸಲಿಲ್ಲ.

ಎರಡನೆಯ ಸಲ ಹಾಡಿದಳು. ಸಭ್ಯವಾಗಿ, ತಗ್ಗಿದ ದನಿಯಲ್ಲಿ, ಹೋಟೆಲಿನ ಕೋಣೆಯ ಬಾಗಿಲು ತಟ್ಟಿ ಟವೆಲ್ ತಂದಿದ್ದೇನೆ ಅನ್ನುವವಳ ಹಾಗೆ. ಕುಮು ಕಣ್ಣು ಮುಚ್ಚಿದರು. ಮೂರನೆಯ ಸಲ ಆಂಟಿಯ ದನಿ ನಡುವೆ ಒಡೆಯಿತು. ಆಮೇಲೆ ಬರೀ ಮಳೆಯ ಸದ್ದು. ಒಬ್ಬ ಮುದುಕಿಯ ಹಟಕ್ಕೆ ಒಂದು ಜನ್ಮ ಸಾಲದೇ ಎಂದುಕೊಂಡು ನಾನು ಏಳಹೊರಟೆ. ಕುಮು ಕಣ್ಣು ತೆರೆಯದೆಯೇ ಒಂದು ಬೆರಳೆತ್ತಿದರು. ಕೂತೆ.

ಜಲ್ಲಿಯ ಮೇಲೆ ಹೆಜ್ಜೆ ಕೇಳಿಸಿತು. ಬಾಗಿಲಿನಿಂದ ದೂರ ಹೋಗುವ ಹೆಜ್ಜೆ. ನನ್ನ ಟ್ರಕ್ಕಿನ ಬಾಗಿಲು ತೆರೆದ ಸದ್ದಾಯಿತು. ಆಗ ನಾನು ಕುಮುವಿನ ಮುಖ ನೋಡಿದೆ. ಆ ಮುಖದಲ್ಲಿ ಹಟ ಇರಲಿಲ್ಲ, ಹೆದರಿಕೆ ಇತ್ತು. ಟ್ರಕ್ಕಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಅದರ ಬೆನ್ನಿಗೇ ಆಂಟಿಯ ದನಿ ಬಂತು. ಅದು ಕೇಳುವ ದನಿಯಾಗಿರಲಿಲ್ಲ, ಹೊಟ್ಟೆಯಾಳದಿಂದ ಎದ್ದು ಬರುವ ಕೂಗು. ಹೆಜ್ಜೆಗಳು ಮರಳಿ ಬಾಗಿಲಿಗೆ ಬರುತ್ತಿದ್ದವು, ಪದವೂ ಜೊತೆಗೆ ಬರುತ್ತಿತ್ತು. ದಾರಿ ದೂರವಿತ್ತು ಅಂದಾಗ ನಲವತ್ತು ವರ್ಷ ಅದರಲ್ಲಿತ್ತು. ಕಾಲು ನೊಂದಿವೆ ಅಂದಾಗ ಅವಳ ಮಂಡಿಗಳಿದ್ದವು. ನನ್ನ ಗುರುತು ಸಿಕ್ಕಿತೇ ಎಂಬ ಕೊನೆಯ ಸಾಲಿಗೆ ತಗಡಿನ ಗೋಡೆ ಝೇಂಕರಿಸಿತು. ಹನ್ನೆರಡು ವರ್ಷ ಪ್ರತಿ ಗುರುವಾರ ಹಾಡಿದ ಪದದೊಳಗೆ ಇಷ್ಟೆಲ್ಲ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಸಾಲಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು.

ಕುಮು ಹಾಡಿ ಕರೆದರು. ಆ ಬಡಕಲು ಎದೆಯಲ್ಲಿ ಅಷ್ಟು ಉಸಿರು ಎಲ್ಲಿ ಅಡಗಿತ್ತೋ.

ಆಂಟಿ ನೀರಿಳಿಯುತ್ತ ಒಳಗೆ ಬಂದು ಕುಮುವಿನ ಮುಂದೆ ಮಂಡಿಯೂರಿದಳು. ನಮ್ಮ ರೂಢಿಯಂತೆ ಇಬ್ಬರೂ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಒಂದೇ ಉಸಿರಾಡಿದರು.

“ಅವತ್ತು ನೀನು ಮೂರೇ ಸಲ ಹಾಡಿ ಹೋಗ್ಬಿಟ್ಟೆ,” ಎಂದರು ಕುಮು. “ನಾಲ್ಕನೇದಕ್ಕೆ ಅಂತ ನಾನು ಬಾಗಿಲ ಹಿಂದೇನೇ ನಿಂತಿದ್ದೆ.”

“ಕೋಪ ಮಾಡ್ಕೊಂಡಿದೀರಿ ಅಂದ್ಕೊಂಡೆ ಕುಮು.”

“ಕೋಪ ಇತ್ತು. ಅದಕ್ಕೇ ನಾಲ್ಕನೇದು ಬೇಕಿತ್ತು. ನಾನೇ ಹೊರಗೆ ಬರ್ಬೋದಿತ್ತು, ಬರ್ಲಿಲ್ಲ. ನಂಗೂ ಬಿಗುಮಾನ.”

ಒಂದು ಹೊಸ್ತಿಲು ದಾಟಲಾರದ ಬಿಗುಮಾನಕ್ಕೆ ನಲವತ್ತು ವರ್ಷ. ಇಬ್ಬರನ್ನೂ ಹಿಡಿದು ಬಯ್ಯಬೇಕು ಅನ್ನಿಸಿತು.

ಕುಮು ಬುರುಡೆಯನ್ನು ಮೆಲ್ಲನೆ ತಟ್ಟಿ, ನಾವ್ಯಾರೂ ಕೇಳಿರದ ಪದವೊಂದರ ಎರಡು ಸಾಲು ಹೇಳಿ ನಿಲ್ಲಿಸಿದರು. ಆಂಟಿ ಮೂರನೆಯ ಸಾಲು ಎತ್ತಿಕೊಂಡಳು. ನಾಲ್ಕನೆಯದು, ಹತ್ತನೆಯದು, ಮೂವತ್ತನೆಯದು. ಎಲ್ಲೂ ತಡವರಿಸಲಿಲ್ಲ. ಮಂಡಿಯೂರಿ ಕೂತಲ್ಲೇ ಅವಳ ಕೈಗಳು ಕಾಡು, ಬೆಟ್ಟ, ಮಂಜು ತೋರಿಸುತ್ತಿದ್ದವು. ಆಗ ನನಗೆ ಹೊಳೆಯಿತು. ಮೂವತ್ತೊಂದು ವರ್ಷ ಆ ಮೇಜಿನ ಮುಂದೆ ಅವಳು ಬರೀ ಶೀಟು ಮಡಚುತ್ತಿರಲಿಲ್ಲ. ಕುಮು ಪದ ಮುಗಿಯುವವರೆಗೂ ಅವಳ ಬಾಯನ್ನೇ ನೋಡುತ್ತಿದ್ದರು.

“ಇದನ್ನ ನಿಂಗೆ ಬಿಟ್ರೆ ಯಾರಿಗೂ ಕಲಿಸ್ಲಿಲ್ಲ,” ಎಂದರು. “ನನ್ನ ಜೊತೇನೇ ಮಣ್ಣಿಗೆ ಹೋಗತ್ತೆ ಅಂದ್ಕೊಂಡಿದ್ದೆ. ಎದ್ದೇಳು. ಮಂಡಿ ಬಗ್ಸು. ಇನ್ನೂ ಬಗ್ಸು.”

ಕೊನೆಯ ಶನಿವಾರ ಆಕಾಶ ತೊಳೆದಿಟ್ಟಂತಿತ್ತು, ಮೌನಾ ಕೆಯಾ ನೆತ್ತಿಯಿಂದ ಹೆಗಲವರೆಗೆ ಬೆಳ್ಳಗಾಗಿತ್ತು. ತೀರದಲ್ಲಿ ಮಕ್ಕಳು ಬರಿಮೈಯಲ್ಲಿ ಹಿಮದುಂಡೆ ಎಸೆದಾಡುತ್ತಿದ್ದರು. ನೆಲದೊಳಗೆ ಬೇಯಿಸಿದ ಹಂದಿಯ ಹೊಗೆವಾಸನೆ ಎಲ್ಲೆಲ್ಲೂ ಇತ್ತು. ಕುಮು ಕುರ್ಚಿಯಲ್ಲಿ ಕೂತು ಬಾರಿಸಿದರು, ಆಂಟಿ ಮುಂದಿನ ಸಾಲಿನಲ್ಲಿ ನಿಂತಳು. ಅವಳು ಕೈಯೆತ್ತಿ ಹಿಮ ಇಳಿಸಿದಾಗ ಮಕ್ಕಳು ಆಟ ನಿಲ್ಲಿಸಿದರು. ನಾನು ಹೆಜ್ಜೆ ಮರೆತು ಮರದ ಹಾಗೆ ನಿಂತೆ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಕುಮು ನನ್ನನ್ನು ಬಯ್ಯಲಿಲ್ಲ.

ಮುಂದಿನ ಗುರುವಾರ ಎಲ್ಲರೂ ಬರಬೇಕೆಂದು ಕುಮು ಹೇಳಿಕಳಿಸಿದರು. ಬೀಳ್ಕೊಡುಗೆ ಇರಬೇಕೆಂದು ನಾವು ಅನ್ನ, ಮೀನು, ತೆಂಗಿನಹಾಲಿನ ಹಲ್ವ ಕಟ್ಟಿಕೊಂಡು ಹೋದೆವು. ಶೆಡ್ಡಿನ ಬಾಗಿಲು ಮುಚ್ಚಿತ್ತು. ಕುಮು ಮಾತ್ರ ಕೋಲೂರಿಕೊಂಡು ಹೊರಗೆ ಮಳೆಯಲ್ಲಿ ನಿಂತಿದ್ದರು, ಬರಿಗಾಲಲ್ಲಿ.

“ಒಳಗೆ ಹೋಗಿ ಕುಮು, ನೆನೀತಿದೀರಿ,” ಎಂದೆ.

“ಹಂಗೆಲ್ಲ ಹೋಗೋಕಾಗತ್ತೇನೇ?” ಎಂದು ನನ್ನನ್ನು ಗದರಿ, ಬಾಗಿಲ ಕಡೆ ತಿರುಗಿ, ನಮ್ಮೆಲ್ಲರಿಗಿಂತ ಮುಂದೆ ನಿಂತು ಅಪ್ಪಣೆಯ ಪದ ಎತ್ತಿದರು. ದಾರಿ ದೂರವಿತ್ತು, ಕಾಲು ನೊಂದಿವೆ. ನಾವು ದನಿಗೂಡಿಸಿದೆವು. ಕೊನೆಯ ಸಾಲು ಮುಗಿಯಿತು. ನಾವು ಕಾದೆವು. ಕುಮುವಿನ ಬಿಳಿಕೂದಲಿನಿಂದ ನೀರಿಳಿದು ಕುತ್ತಿಗೆಗೆ ಹೋಗುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

ಆಮೇಲೆ ಒಳಗಿಂದ ಕನೋಯೆ ಆಂಟಿಯ ದನಿ ಬನ್ನಿ ಎಂದು ಕರೆಯಿತು. ಕುಮು ಯುಡೋರಾ ತಲೆ ತಗ್ಗಿಸಿ, ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿ, ಹೋಗಿ ನಮ್ಮ ಸಾಲಿನಲ್ಲಿ ನಿಂತರು.