ಆ ಹೆಸರಿಗೆ ಎರಡು ಎಲೆ

ಅಮ್ಮ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಗೋಡೆಯ ಪಕ್ಕ ಸಾಲಾಗಿ ಬಾಳೆ ಎಲೆ ಹಾಸಿ, ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ ಬಡಿಸಿ, ಹೆಂಗಸರಿಗೆ ಸೀರೆ, ಗಂಡಸರಿಗೆ ಪಂಚೆ ಇಟ್ಟು, ಮನೆಯ ಮಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ಒಂದು ಹೆಸರಿಗೆ ಒಂದು ಎಲೆ. ಕರೆದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕೂರುತ್ತೇವೆ, ಅವರು ಉಂಡು ಹೋಗಲಿ ಎಂದು. ಹೆಸರು ಕರೆಯದಿದ್ದರೆ ಹೊಸಲಿನವರೆಗೆ ಬಂದವರೂ ಒಳಗೆ ಬರದೆ ಹಸಿದುಕೊಂಡು ತಿರುಗಿ ಹೋಗುತ್ತಾರೆ ಎನ್ನುವುದು ನಮ್ಮವರ ನಂಬಿಕೆ. ನಾನು ಡಿಗ್ರಿ ಮಾಡಿದವನು, ನಮ್ಮ ವಂಶಕ್ಕೇ ಮೊದಲನೆಯವನು. ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಅಮ್ಮನ ಎಲೆಯ ಮುಂದೆ ನಿಂತಾಗ ಮಾತ್ರ ಆ ಮಾತು ಬಾಯಿಗೆ ಬರುವುದಿಲ್ಲ.

ಬಾಗಲೂರಿನಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಬೆಳಗಿನ ಬಸ್ಸಿಗೇ ಮತ್ತಿಗಿರಿಯ ನಮ್ಮ ಮನೆಗೆ ಬಂದಿದ್ದರು. ಮಂಡಿ ನೋವಿನಿಂದ ನೆಲಕ್ಕೆ ಕೂರಲಾಗದೆ, ಸ್ಟೂಲಿನ ಮೇಲೆ ಕೂತು ಯಜಮಾನಿಕೆ ಮಾಡುತ್ತಿದ್ದರು.

"ಗಟ್ಟಿಯಾಗಿ ಕರೀಲಾ. ಫೋನಲ್ಲಿ ಮಾತಾಡ್ದಂಗೆ ಗುಸುಗುಸು ಅಂದ್ರೆ ನಿಮ್ಮ ತಾತಂಗೆ ಕೇಳ್ತದಾ? ಬದುಕಿದ್ದಾಗ್ಲೇ ಕಿವುಡು ಮುಂಡೇದು."

ತಾತನನ್ನು ಕರೆದೆ. ಅಜ್ಜಿಯನ್ನು ಕರೆದೆ. ಆಮೇಲೆ ಅಮ್ಮನ ಹೆಸರು ಹಿಡಿದು, "ಬಾರಮ್ಮ, ಉಣ್ಣು" ಎಂದೆ.

"ಆ ಹೆಸ್ರಿಗೆ ಇನ್ನೊಂದು ಎಲೆ ಇಕ್ಕು" ಎಂದರು ಅತ್ತೆ.

"ಯಾಕತ್ತೆ, ಒಂದು ಎಲೆ ಸಾಕಾಗಲ್ವ ಅಮ್ಮಂಗೆ?"

ಅತ್ತೆ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡಿದರು. "ಇನ್ನೂ ಎಷ್ಟು ದಿನ ಬಚ್ಚಿಕ್ತೀಯಪ್ಪ? ಅವಳೂ ಹೋಗ್ಬುಟ್ಲು. ಹೆಸ್ರಿನೋಳು ಒಬ್ಳು, ಹೆಸ್ರು ಹೊತ್ಕೊಂಡು ಬಾಳಿದೋಳು ಒಬ್ಳು. ಒಂದೇ ಎಲೆ ಇಕ್ಕಿದ್ರೆ ಅಕ್ಕ ತಂಗಿ ಕಿತ್ತಾಡ್ಬೇಕಾ?"

ಅಪ್ಪ ಹೊರಗೆ ಹೋದರು. ನಾನು ಇನ್ನೊಂದು ಎಲೆ ಹಾಕಿ, ಕೈಗೆ ಸಿಕ್ಕಿದ್ದನ್ನು ಬಡಿಸಿ, ಅದೇ ಹೆಸರನ್ನು ಇನ್ನೊಂದು ಸಲ ಕರೆದೆ. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಾಗ ಅತ್ತೆ ಹೇಳಿದ್ದು ಇಷ್ಟು.

ಅಪ್ಪನ ಮೊದಲ ಹೆಂಡತಿ ನನ್ನ ಅಮ್ಮನ ಅಕ್ಕ. ನಾನು ಹುಟ್ಟಿದಾಗಿನಿಂದ ಅಮ್ಮನದು ಎಂದುಕೊಂಡಿದ್ದ ಹೆಸರು ಆ ಅಕ್ಕನದು. ಸರ್ಕಾರ ಬಡವರಿಗೆ ಮನೆ ಕೊಡುವಾಗ ಹೆಂಗಸಿನ ಹೆಸರಿಗೆ ಪಟ್ಟಾ, ಅಂದರೆ ಹಕ್ಕುಪತ್ರ, ಕೊಟ್ಟಿತ್ತು. ಮತ್ತಿಗಿರಿಯ ಈ ಮನೆ ಹಾಗೆ ಅಕ್ಕನ ಹೆಸರಿಗೆ ಬಂತು. ಇಲ್ಲಿಗೆ ಬಂದು ಸೇರುವ ಮೊದಲೇ ಆಕೆ ಹೆರಿಗೆಯಲ್ಲಿ ಹೋದಳು. ಮಗುವೂ ಉಳಿಯಲಿಲ್ಲ. ಪಟ್ಟಾದಲ್ಲಿರುವವಳು ಸತ್ತಳೆಂದು ಗೊತ್ತಾದರೆ ಸರ್ಕಾರ ಮನೆ ವಾಪಸ್ಸು ಕಿತ್ತುಕೊಳ್ಳುತ್ತದೆ ಎಂದು ನಮ್ಮವರು ಹೆದರಿದರು. ಮನೆಯಲ್ಲಿ ಓದು ಬಂದವರು ಒಬ್ಬರೂ ಇರಲಿಲ್ಲ. ಅಕ್ಕನ ಬಾಣಂತನಕ್ಕೆಂದು ಡೆಂಕಣಿಕೋಟೆ ಆಚೆಯ ಹಳ್ಳಿಯಿಂದ ಬಂದ ತಂಗಿ ಆಗ ನಮ್ಮವರ ಜೊತೆಯಲ್ಲೇ ಇದ್ದಳು. ಇನ್ನೂ ಮದುವೆಯ ವಯಸ್ಸಲ್ಲ. ನನ್ನ ಅಜ್ಜಿ, ಅಪ್ಪನ ತಾಯಿ, ಸತ್ತವಳ ಸೀರೆಯನ್ನೇ ಅವಳಿಗೆ ಉಡಿಸಿ, "ಇವತ್ತಿಂದ ನೀನೇ ಅವಳು" ಎಂದರಂತೆ. ಹಳ್ಳಿಗೆ, ಸತ್ತದ್ದು ತಂಗಿ ಎಂದು ಹೇಳಿ ಕಳಿಸಿದರು. ಹೆತ್ತವರೂ ಎಲ್ಲ ಗೊತ್ತಿದ್ದೇ ಒಪ್ಪಿಕೊಂಡರು. ಮತ್ತಿಗಿರಿಯಲ್ಲಿ ಎಲ್ಲರೂ ಎಲ್ಲೆಲ್ಲಿಂದಲೋ ಫ್ಯಾಕ್ಟರಿ ಕೆಲಸಕ್ಕೆ ಬಂದವರು, ಮುಖ ಗೊತ್ತಿದ್ದವರು ಯಾರೂ ಇಲ್ಲ.

"ಹಂಗಾದ್ರೆ ಅಮ್ಮನ ಹೆಸ್ರು ಏನತ್ತೆ?"

ಅತ್ತೆ ಮಂಡಿ ನೀವಿಕೊಂಡರು. "ಗ್ಯಾನ ಬರ್ತಿಲ್ಲ ಕಣ್ಲಾ. ಎಲ್ರೂ 'ಕೂಸೆ, ಕೂಸೆ' ಅಂತಿದ್ರು. ಆಮೇಲೆ ಅಕ್ಕನ ಹೆಸ್ರೇ ಆಗೋಯ್ತು."

ಅಪ್ಪ ಬೇಲಿಯ ಹತ್ತಿರ ನಿಂತಿದ್ದರು. ಹೋಗಿ ಕೇಳಿದೆ.

"ನಂಗೂ ಗೊತ್ತಿಲ್ಲ."

"ಒಂದಿನಾನೂ ಕೇಳ್ಲಿಲ್ವ?"

"ಕೇಳ್ಲಿಲ್ಲ." ಮನೆ ಕಡೆ ತಿರುಗಿ, "ಉಂಡಿರ್ತಾರೆ, ಬಾ, ಬಾಗ್ಲು ತಗಿಯಾನ" ಎಂದರು.

ಅವತ್ತಿನಿಂದ ಅಮ್ಮನ ಬಗ್ಗೆ ನನಗೆ ಗೊತ್ತಿದ್ದ ಒಂದೊಂದೂ ಬೇರೆಯಾಗಿ ಕಾಣತೊಡಗಿತು. ಅಮ್ಮ ಗುಲಾಬಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಹೂವಿನ ಕಡ್ಡಿಯ ಎಲೆ, ಮುಳ್ಳು ತೆಗೆದು ಕಟ್ಟು ಕಟ್ಟುವ ಕೆಲಸ. ಮೇಸ್ತ್ರಿ ಹೆಸರು ಹಿಡಿದು ಕರೆದರೆ ತಕ್ಷಣ ತಿರುಗುತ್ತಿರಲಿಲ್ಲ. ಜೊತೆಯ ಹೆಂಗಸರು ಅವಳಿಗೆ 'ಕೆಪ್ಪಿ' ಎಂದೇ ಹೆಸರಿಟ್ಟಿದ್ದರು. ಅಮ್ಮನ ಕಿವಿ ಮಂದ ಎಂದು ನಾನೂ ನಂಬಿದ್ದೆ. ಆದರೆ ಹಿಂದಿನ ಕೋಣೆಯಲ್ಲಿ ನಾನು ಕೆಮ್ಮಿದರೆ ಅವಳಿಗೆ ಕೇಳುತ್ತಿತ್ತು.

ಕಾಲೇಜಿನ ಕೊನೆಯ ವರ್ಷ ನನಗೆ ಫಸ್ಟ್ ಕ್ಲಾಸ್ ಬಂದಾಗ, ವಂಶದಲ್ಲಿ ಮೊದಲು ಓದಿದ ಮಕ್ಕಳ ತಾಯಂದಿರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಬಸ್ಸಿನಲ್ಲಿ ನಿಂತುಕೊಂಡೇ ಓದಿ ಬಂದವನು ನಾನು. ಆ ದಿನಕ್ಕಾಗಿ ಅಮ್ಮನಿಗೆ ಹೊಸ ಚಪ್ಪಲಿ ಕೊಡಿಸಿದ್ದೆ. ಮೈಕಿನಲ್ಲಿ ಅವಳ ಹೆಸರು ಕೂಗಿದರು. ಅಮ್ಮ ಏಳಲಿಲ್ಲ. ಮತ್ತೆ ಕೂಗಿದರು. ನಾನು ಕೈ ಹಿಡಿದು ಎಬ್ಬಿಸಬೇಕಾಯಿತು. ಕಾಲೇಜಿಗೆ ಕಾಲೇಜೇ ಚಪ್ಪಾಳೆ ತಟ್ಟಿತು. ನನ್ನ ಬದುಕಿನ ದೊಡ್ಡ ದಿನ ಎಂದು ಅದನ್ನು ಎಷ್ಟು ಸಲ ಎಷ್ಟು ಜನಕ್ಕೆ ಹೇಳಿದ್ದೇನೋ. ಈಗ ನೆನೆದರೆ, ಆ ಚಪ್ಪಾಳೆ ಹೋಗಿದ್ದು ನಾನು ನೋಡಿಯೇ ಇರದ ಒಬ್ಬ ಹೆಂಗಸಿಗೆ.

ಹಬ್ಬದ ದಿನ ಅಮ್ಮ ಕೊನೆಯಲ್ಲಿ ಒಂದು ಎಲೆ ಹೆಚ್ಚಾಗಿ ಹಾಸುತ್ತಿದ್ದಳು. ಯಾರಿಗಮ್ಮ ಎಂದರೆ, "ಯಾರಾದ್ರೂ ಬತ್ತಾರೆ ಬಿಡು" ಎನ್ನುತ್ತಿದ್ದಳು. ಆ ಎಲೆಗೆ ಹೆಸರು ಕರೆಸುತ್ತಿರಲಿಲ್ಲ. ಹೇಗೆ ಕರೆಸುತ್ತಾಳೆ? ಕರೆಯಬೇಕಾದ ಹೆಸರು ಅವಳ ಮೈಮೇಲೇ ಇತ್ತು.

ಅವಳ ತಾಯಿ ಸತ್ತ ಸುದ್ದಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಮ್ಮ ಹೋಗಲಿಲ್ಲ. "ಆ ಕಡೆ ಆನೆ ಕಾಟ ಜಾಸ್ತಿ" ಎಂದು ಹೇಳಿ ಶೆಡ್ಡಿಗೆ ಹೋದಳು. ತಾಯಿಯ ಮಣ್ಣಿಗೂ ಹೋಗದ ಕಲ್ಲು ಮನಸ್ಸಿನವಳು ಎಂದು ನನಗೆ ಅನ್ನಿಸಿತ್ತು. ಹೋಗಿದ್ದರೆ ಊರವರು ಸತ್ತಳೆಂದುಕೊಂಡವಳನ್ನು ಗುರುತು ಹಿಡಿಯುತ್ತಿದ್ದರು.

ಒಂದು ಶನಿವಾರ ಗ್ರಾಮಾಧಿಕಾರಿಯ ಆಫೀಸಿಗೆ ಹೋದೆ. ನಮ್ಮ ಮನೆಯ ಮಾತು ಎನ್ನದೆ, ಯಾರದೋ ಮಾತು ಎನ್ನುವ ಹಾಗೆ ಕೇಳಿದೆ: ಹೆಂಡತಿಯ ಹೆಸರಿಗೆ ಪಟ್ಟಾ ಇದ್ದು, ಅವಳು ತೀರಿಕೊಂಡರೆ ಮನೆ ಏನಾಗುತ್ತದೆ?

ಅವರು ತಲೆ ಎತ್ತದೆ, ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: "ಏನಾಗ್ತದೆ? ಗಂಡ ವಾರಿಸು. ಅವನ ಹೆಸ್ರಿಗೆ ಮಾಡ್ಕೊಡ್ತಾರೆ. ಅವ್ಳೋದಾನ್, ಅಷ್ಟೇ."

"ವಾಪಸ್ ತಗೊಳಲ್ವ ಸಾರ್?"

"ಯಾರ್ರೀ ನಿಮ್ಗೆ ಹೇಳ್ದೋರು?"

ಹೊರಗೆ ಬಂದು ಬೈಕಿನ ಮೇಲೆ ಕೂತೆ. ಮನೆ ಎಲ್ಲೂ ಹೋಗುತ್ತಿರಲಿಲ್ಲ. ಅವತ್ತು ಯಾರಾದರೂ ಒಬ್ಬರು ಹೋಗಿ ಬಾಯಿ ಬಿಟ್ಟು ಕೇಳಿದ್ದರೆ ಸಾಕಿತ್ತು. ಕೇಳುವ ಧೈರ್ಯ ನಮ್ಮವರಿಗೆ ಇರಲಿಲ್ಲ. ಆಫೀಸಿನ ಬಾಗಿಲು ಕಂಡರೆ ಚಪ್ಪಲಿ ಬಿಟ್ಟು ಹೊರಗೇ ನಿಲ್ಲುವ ಜನ. ಇಲ್ಲದ ಭಯಕ್ಕೆ ಒಂದು ಹುಡುಗಿಯನ್ನು ಬದುಕಿರುವಾಗಲೇ ಹೂತಿಟ್ಟರು. ಬೈಯೋಣವೆಂದರೆ ಅಜ್ಜಿಯೂ ಇಲ್ಲ.

ಆಮೇಲೆ ಅಮ್ಮನ ಹಳ್ಳಿಗೆ ಹೋದೆ, ಮೊದಲ ಸಲ. ಡೆಂಕಣಿಕೋಟೆ ದಾಟಿದ ಮೇಲೆ ಕಾಡಿನ ಅಂಚಿನ ದಾರಿ. ಅವಳ ತಂದೆ ತಾಯಿ, ಅಣ್ಣ ಯಾರೂ ಉಳಿದಿರಲಿಲ್ಲ, ಮನೆ ಬೇರೆಯವರದಾಗಿತ್ತು. ಆ ಮನೆಯ ಹೆಣ್ಣುಮಕ್ಕಳ ವಾರಿಗೆಯವರು ಯಾರಾದರೂ ಇದ್ದಾರಾ ಎಂದು ಕೇಳಿದ್ದಕ್ಕೆ ರಾಗಿ ಹೊಲದ ಬದುವಿನಲ್ಲಿದ್ದ ಒಬ್ಬ ಹೆಂಗಸನ್ನು ತೋರಿಸಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಆನೆ ತುಳಿದ ಬೇಲಿಗೆ ಮುಳ್ಳು ಹಾಕುತ್ತಿದ್ದರು.

ಅಕ್ಕನ ಹೆಸರು ಹೇಳಿ, ಅವರ ತಂಗಿ ಒಬ್ಬರಿದ್ದರಲ್ಲ ಎಂದೆ.

"ಅವಳಾ? ನನ್ನ ಜೊತೆಗಾತಿ ಕಣಪ್ಪ. ಅಕ್ಕನ ಬಾಣಂತನಕ್ಕೆ ಅಂತ ಹೋದೋಳು ಅಲ್ಲೇ ಸತ್ತೋದ್ಲು. ಮದ್ವೇನೂ ಕಾಣ್ಲಿಲ್ಲ. ಹೊಲ ಕಾಯೋ ಅಟ್ಟಣೆ ಮೇಲೆ ನಿಂತು ಅವಳು ಒಂದು ಕೂಗು ಹಾಕಿದ್ರೆ ಆ ಗುಡ್ಡದ ಆನೆ ತಿರುಗ್ಕೊಂಡು ಹೋಗ್ತಿತ್ತು. ಅಂತಾ ಗಂಟ್ಲು."

ನನ್ನ ಅಮ್ಮ ಬಸ್ಸು ನಿಲ್ಲಿಸಲೂ ಕೂಗುತ್ತಿರಲಿಲ್ಲ.

"ಅವಳು ಆಗ ಸಾಯ್ಲಿಲ್ಲ" ಎಂದೆ. "ಹೋದ ವರ್ಷದವರೆಗೂ ಇದ್ಲು. ನಾನು ಅವಳ ಮಗ."

ಆಕೆ ಕತ್ತಿ ಕೆಳಗಿಟ್ಟರು. ನನ್ನ ಮುಖವನ್ನು ತುಂಬ ಹೊತ್ತು ನೋಡಿದರು, ಹಣೆ, ಮೂಗು, ಗಲ್ಲ. ಸಿಟ್ಟು ಬಂತು ಅವರಿಗೆ.

"ಎಲ್ಲಿದ್ಲು?"

"ಮತ್ತಿಗಿರೀಲಿ."

"ಮತ್ತಿಗಿರೀಲಾ! ಬೆಳಿಗ್ಗೆ ಹತ್ತಿದ್ರೆ ಮಧ್ಯಾಹ್ನಕ್ಕೆ ಬರಬಹುದು. ಒಂದು ದಪ ಬರ್ಬಾರ್ದಾಗಿತ್ತಾ ಬಡ್ಡೆತ್ತೋಳು? ಅವರವ್ವ ಇರೋ ಗಂಟ ಎಡೆ ಇಕ್ಕಿದ್ಲು, ಆಮೇಲೆ ಯಾರೂ ಇಲ್ವಲ್ಲ ಅಂತ ವರ್ಸ ವರ್ಸ ನಾನು ಇಕ್ತಾ ಇವ್ನಿ. ಬದುಕಿರೋಳ್ಗೆ ಎಡೆ ಇಕ್ಕಿಸ್ಬುಟ್ರಲ್ಲೋ ನಿಮ್ಮ ಮನೆಯೋರು!"

ಅವರು ಅಳುವುದು ಮುಗಿಯುವವರೆಗೆ ಕಾದೆ. ಆಮೇಲೆ ಹೆಸರು ಕೇಳಿದೆ. ಹೇಳಿದರು. ಚಿಕ್ಕ ಹೆಸರು, ಆ ಕಾಡಂಚಿನ ದೇವತೆಯದು. ನಾನು ಎರಡು ಸಲ ಹೇಳಿಸಿಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳಿಗೆಂದು ಉಳಿದಿರುವುದು ಅದೊಂದೇ.

ವಾಪಸ್ಸು ಬರುವ ಬಸ್ಸಿನಲ್ಲಿ ಆ ಹೆಸರಿಗೆ ಅಮ್ಮನ ಮುಖ ಕೂರಿಸಲು ನೋಡಿದೆ. ಕೂರಲಿಲ್ಲ. ಅಟ್ಟಣೆಯ ಮೇಲೆ ನಿಂತು ಕೂಗುವ ಯಾರೋ ಹುಡುಗಿ ಕಾಣುತ್ತಿದ್ದಳು, ಅವಳು ನನಗೆ ಏನೂ ಆಗಬೇಕಿರಲಿಲ್ಲ.

ಮುಂದಿನ ವರ್ಷದ ಹಬ್ಬಕ್ಕೆ ಅತ್ತೆ ಬರಲಾಗಲಿಲ್ಲ, ಹಾಸಿಗೆ ಹಿಡಿದಿದ್ದರು. ನಾನೇ ಎಲೆ ಹಾಸಿದೆ. ಅಕ್ಕನ ಹೆಸರಿಗೆ ಒಂದು ಎಲೆ. ಪಕ್ಕದಲ್ಲಿ ಅಮ್ಮನಿಗೆ ಒಂದು. ಅದರ ಮುಂದೆ ಅವಳಿಗಿಷ್ಟವಾದ ಹಸಿರು ಬಣ್ಣದ ಸೀರೆ ಇಟ್ಟೆ. ಅಕ್ಕನನ್ನು ಕರೆದೆ. ಆಮೇಲೆ ಅಮ್ಮನ ಸ್ವಂತ ಹೆಸರು ಹಿಡಿದು, ಅತ್ತೆ ಇದ್ದಿದ್ದರೆ ಮೆಚ್ಚುವಷ್ಟು ಗಟ್ಟಿಯಾಗಿ, "ಬಾರಮ್ಮ" ಎಂದೆ. ಈ ಮನೆಯಲ್ಲಿ ಆ ಹೆಸರನ್ನು ಯಾರೂ ಕೂಗಿರಲಿಲ್ಲ.

ಹಿಂದೆ ನಿಂತಿದ್ದ ಅಪ್ಪ ಕೇಳಿದರು: "ಯಾರ್ಲಾ ಅದು?"

"ಅಮ್ಮ" ಎಂದೆ. "ಅಮ್ಮನ ಹೆಸ್ರು ಅದು. ಹಳ್ಳೀಲಿ ಕೇಳ್ಕೊಂಡು ಬಂದೆ."

ಅಪ್ಪ ಆ ಹೆಸರನ್ನು ಒಂದು ಸಲ ಬಾಯಲ್ಲೇ ಹೇಳಿಕೊಂಡರು. ತುಟಿ ಅಲುಗಿದ್ದು ಕಂಡಿತು. ಬಗ್ಗಿ ಹಸಿರು ಸೀರೆ ಎತ್ತಿ, ಅಕ್ಕನ ಎಲೆಯ ಮುಂದೆ ಇಟ್ಟರು.

"ಅವಳು ಈ ಹೆಸ್ರಿಗೇ ಬರೋದು ಕಣ್ಲಾ" ಎಂದರು. "ಆ ಹೆಸ್ರು ಕೂಗಿದ್ರೆ ಅವಳಿಗೆ ತಾನು ಅಂತ ಗೊತ್ತಾಗಲ್ಲ."

ಸೀರೆಯನ್ನು ಅಲ್ಲೇ ಬಿಟ್ಟೆ. ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.