ಎಡಗೈ ಎಲ್ಲಿದೆ?

ಆ ಗುರುವಾರ ಏನೇನು ಕೆಡಬಹುದು ಎಂಬುದರ ಪಟ್ಟಿ ನನ್ನ ತಲೆಯಲ್ಲಿ ಬುಧವಾರವೇ ಸಿದ್ಧವಾಗಿತ್ತು. ರಾಮಮೂರ್ತಿ ನಗರದಲ್ಲಿ ನಾನು ಹತ್ತುವ ಬಸ್ಸು ಟಿನ್ ಫ್ಯಾಕ್ಟರಿ ಹತ್ತಿರ ಕಂಟೇನರ್ ಲಾರಿಗೆ ನುಗ್ಗಿ ನಾನು ಅಲ್ಲೇ ಅಪ್ಪಚ್ಚಿಯಾಗಬಹುದಿತ್ತು. ಬದುಕಿ ಕಾರ್ಖಾನೆ ತಲುಪಿದರೂ ಸರ್ವರ್ ನನ್ನ ಪಾಸ್‌ವರ್ಡ್ ಒಪ್ಪದಿರಬಹುದಿತ್ತು. ಒಪ್ಪಿದರೂ ಲೆಕ್ಕ ತೋರಿಸುವ ಹೊಸ ಡ್ಯಾಶ್‌ಬೋರ್ಡ್ ಪಬ್ಲಿಶ್ ಆಗದೆ, ನೋಡಲು ಬಂದ ಗಿರಾಕಿ ಕಂಪನಿಯವರ ಎದುರು ಗೋಡೆಯ ಟೀವಿ ಕಪ್ಪಗೆ ನಿಲ್ಲಬಹುದಿತ್ತು. ಪ್ಲಾಂಟ್ ಮ್ಯಾನೇಜರ್ ನನ್ನನ್ನು ಸಂಜೆಯೊಳಗೆ ಮನೆಗೆ ಕಳಿಸಬಹುದಿತ್ತು. ಆಪರೇಟರುಗಳು ನನ್ನನ್ನು ಶೆಡ್ಡಿನ ಹಿಂದೆ ಎಳೆದೊಯ್ದು ಮೊಣಕಾಲಿನ ಚಿಪ್ಪು ಒಡೆಯಬಹುದಿತ್ತು. ನನಗೆ ಹೃದಯಾಘಾತವಾಗಬಹುದಿತ್ತು, ಆಗ ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿಲ್ಲದೆ ನಾನು ಮಾಡಿಟ್ಟ ಕೆಂಪು ಹೆಸರುಗಳು ಗೋಡೆಯ ಮೇಲೆ ಹಾಗೇ ಉರಿಯುತ್ತಿದ್ದವು. ಮತ್ತೆ, ಇದನ್ನು ನಾನು ಪಟ್ಟಿಯ ಕೊನೆಗೆ ತಳ್ಳುತ್ತಲೇ ಇದ್ದೆ, ನಾನು ಪಬ್ಲಿಶ್ ಗುಂಡಿ ಒತ್ತುವ ಮೊದಲೇ ಏಳನೇ ಪ್ರೆಸ್ಸು ನಡೆಸುವವರ ಎಡಗೈ ತಗಡಿನ ಜೊತೆ ಅಚ್ಚಾಗಿಬಿಡಬಹುದಿತ್ತು.

ನನಗೆ ನಲವತ್ತೊಂಬತ್ತು. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿದವನು ಈಗ ಅದೇ ಲೆಕ್ಕವನ್ನು ಬಣ್ಣದ ಪಟ್ಟಿಗಳಾಗಿ ತೋರಿಸುತ್ತೇನೆ. ಹುದ್ದೆಯ ಹೆಸರು ಮಾತ್ರ ಉದ್ದವಾಗಿದೆ. ನಮ್ಮಲ್ಲಿ ತಗಡು ಅಚ್ಚೊತ್ತುವ ಏಳು ಪ್ರೆಸ್‌ಗಳಿವೆ. ಕೆಳಗಿನ ಅಚ್ಚಿನ ಮೇಲೆ ತಗಡು ಇಟ್ಟು, ಎಡಗೈಯಿಂದ ಒಂದು ಗುಂಡಿ, ಬಲಗೈಯಿಂದ ಇನ್ನೊಂದು ಗುಂಡಿ, ಎರಡನ್ನೂ ಒತ್ತಿದರೆ ಮೇಲಿನಿಂದ ಕಬ್ಬಿಣ ಇಳಿದು ಅಪ್ಪಳಿಸುತ್ತದೆ. ಎರಡು ಗುಂಡಿ ಯಾಕೆಂದರೆ, ಕಬ್ಬಿಣ ಇಳಿಯುವಾಗ ಎರಡೂ ಕೈ ಹೊರಗಿರಲಿ ಎಂದು. ದಿನವಿಡೀ ಏಳು ಕಡೆ ಆ ಢಂ ಢಂ. ಮೊದಲ ವರ್ಷ ನನಗೆ ಪ್ರತಿ ಹೊಡೆತಕ್ಕೂ ಕಣ್ಣು ಮುಚ್ಚುತ್ತಿತ್ತು. ಈಗ ಮುಚ್ಚುವುದಿಲ್ಲ, ರೆಪ್ಪೆ ಮಾತ್ರ ಅದುರುತ್ತದೆ.

ಹಿಂದೊಮ್ಮೆ, ಗುಂಡಿ ಇನ್ನೂ ಒಂದೇ ಇದ್ದಾಗ, ಎರಡನೇ ಪ್ರೆಸ್ಸಿನಲ್ಲಿ ಒಬ್ಬರ ಅಂಗೈ ಸಿಕ್ಕಿಕೊಂಡಿತ್ತು. ಅವರು ಕೂಗಲಿಲ್ಲ. ಕೂಗಿದವನು ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ನಾನು. ಕೈ ಬಿಡಿಸಬೇಕಾದರೆ ಕಬ್ಬಿಣವನ್ನು ಮತ್ತೆ ಮೇಲೆತ್ತಬೇಕಿತ್ತು. ಎತ್ತುವ ಗುಂಡಿಯನ್ನು ಮುಟ್ಟಲು ಸುತ್ತ ನಿಂತಿದ್ದ ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಅವರೇ, ಉಳಿದಿದ್ದ ಕೈಯಿಂದ, ಒತ್ತಿಕೊಂಡರು.

ಇದೆಲ್ಲ ಗೊತ್ತಿದ್ದೂ ಆ ಬೋರ್ಡನ್ನು ಮಾಡಿದವನು ನಾನೇ. ಹೊಸ ಮ್ಯಾನೇಜರ್ ಬಂದ ವಾರದಲ್ಲೇ ಶೆಡ್ಡಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಟೀವಿ ಹಾಕಿಸಿದರು. "ಗಂಟೆಗೆ ಯಾರು ಎಷ್ಟು ಪೀಸ್ ಹೊಡೆದ್ರು ಅಂತ ಎಲ್ರಿಗೂ ಕಾಣ್ಬೇಕು ರೀ. ಕಡಿಮೆ ಇರೋ ಮೂರು ಜನ ಮೇಲೆ ಬರ್ಲಿ, ಕೆಂಪಲ್ಲಿ" ಎಂದರು. ಪ್ರತಿ ಪ್ರೆಸ್ಸಿಗೂ ಗುಂಡಿ ಒತ್ತಿದ್ದನ್ನು ಎಣಿಸುವ ಪುಟ್ಟ ಪೆಟ್ಟಿಗೆ ಕೂತಿತು. ಪೆಟ್ಟಿಗೆ ಎಡಗುಂಡಿಯನ್ನೂ ಬಲಗುಂಡಿಯನ್ನೂ ಬೇರೆ ಬೇರೆ ಎಣಿಸುತ್ತಿತ್ತು. ಎರಡೂ ಒಂದೇ ಅಲ್ಲವೇ, ಸುಮ್ಮನೆ ಯಾಕೆ ಗಿಜಿಗಿಜಿ ಎಂದು ಎಡಗಡೆಯ ಕಾಲಂ ಅನ್ನು ನಾನು ಮರೆಮಾಡಿದೆ. ಬಣ್ಣ ಆರಿಸುವುದಕ್ಕೆ ಅರ್ಧ ದಿನ ಕಳೆದೆ. ಆರು ಬಗೆಯ ಕೆಂಪು ಹಚ್ಚಿ ನೋಡಿ, ಮಟನ್ ಅಂಗಡಿಯಲ್ಲಿ ಆಗತಾನೆ ಕತ್ತರಿಸಿಟ್ಟ ತುಂಡಿನ ಕೆಂಪನ್ನು ಒಪ್ಪಿದೆ. ದೂರಕ್ಕೂ ಚೆನ್ನಾಗಿ ಕಾಣುತ್ತಿತ್ತು. ಪಬ್ಲಿಶ್ ಮಾಡಿದೆ. ಟೀವಿ ಕಾಲು ಗಂಟೆಗೊಮ್ಮೆ ಹೊಸ ಲೆಕ್ಕ ಎಳೆದುಕೊಳ್ಳುವ ಹಾಗೆ ಸಮಯ ಕೊಟ್ಟೆ. ಮನೆಗೆ ಹೋಗಿ ಹೆಂಡತಿಯ ಎದುರು ಜಂಬ ಕೊಚ್ಚಿದೆ.

ಮೊದಲ ದಿನ ಎಲ್ಲರೂ ನಕ್ಕರು. ಎರಡನೇ ವಾರದಲ್ಲಿ ನಗು ಹೋಗಿ ಹಲ್ಲು ಕಡಿಯುವುದು ಉಳಿದಿತ್ತು. ಕೆಂಪಿನಲ್ಲಿ ದಿನವೂ ಮೇಲೆ ಬರುತ್ತಿದ್ದವರು ಏಳನೇ ಪ್ರೆಸ್ಸಿನವರು. ವಯಸ್ಸು ಐವತ್ತೆರಡು, ಗರುಡಾಚಾರ್‌ಪಾಳ್ಯದ ಹಳೆಯ ಮನೆತನದವರು; ಕಾರ್ಖಾನೆ ನಿಂತಿರುವುದೇ ಒಂದು ಕಾಲದಲ್ಲಿ ಅವರ ತಂದೆ ಉಳುತ್ತಿದ್ದ ಹೊಲದಲ್ಲಿ. ಬೋರ್ಡಿನ ಕೆಳಗಡೆ, ಹಸಿರಿನಲ್ಲಿ, ಯಾವಾಗಲೂ ನಾಲ್ಕನೇ ಪ್ರೆಸ್ಸಿನವನು. ಶಿವಾಜಿನಗರದಿಂದ ಬರುವವನು, ಕೈ ಚುರುಕು, ಕೈಗಿಂತ ಬಾಯಿ ಚುರುಕು. ಶುಕ್ರವಾರ ಅವನು ತರುತ್ತಿದ್ದ ಬಿರಿಯಾನಿಯ ಡಬ್ಬಿಗೆ ಮೊದಲು ಕೈ ಹಾಕುತ್ತಿದ್ದವರು ಇದೇ ಏಳನೆಯವರು. ವರ್ಷಗಳಿಂದ ಹಾಗೇ ನಡೆದಿತ್ತು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಶುರುಮಾಡಿದ. "ಏನಣ್ಣ, ಇವತ್ತೂ ಟೀವಿಲಿ ನೀನೇ ಫಸ್ಟು! ಒಂದ್ ಆಟೋಗ್ರಾಫ್ ಕೊಡು."

"ಬಾಯ್ ಮುಚ್ಕೊಂಡು ಉಣ್ಣೋ."

"ಅರೆ ಭಾಯ್, ಕೋಪ ಯಾಕೆ? ಕೆಂಪು ನಿಂಗೆ ಸಖತ್ತಾಗ್ ಒಪ್ಪತ್ತೆ. ಮದುವೆ ಮಾಡ್ಬಿಡೋಣ ಇನ್ನೊಂದ್ ಸಲ."

ಸ್ಟೀಲ್ ಲೋಟ ಹಾರಿದ್ದು ಕಾಣಲಿಲ್ಲ, ಗೋಡೆಗೆ ಬಡಿದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಏಳನೆಯವರು ಅವನ ಕತ್ತಿನ ಹಿಂಭಾಗ ಹಿಡಿದು ಹಣೆಯನ್ನು ಮೇಜಿನ ಪಕ್ಕದ ಲಾಕರಿನ ಬಾಗಿಲಿಗೆ ಬಡಿದರು. ಒಂದು ಸಲ. ಎರಡು ಸಲ. ಹುಬ್ಬು ಸೀಳಿ ರಕ್ತ ಅವನ ಅನ್ನ ಸಾರಿನ ತಟ್ಟೆಗೆ ಸುರಿಯಿತು. ಅವನು ತಿರುಗಿ ಮೊಣಕೈಯಿಂದ ಪಕ್ಕೆಗೆ ಗುದ್ದಿದ. ಬಿಡಿಸಲು ನಾಲ್ಕು ಜನ ಬೇಕಾದರು. ನಾನು ಐದನೆಯವನಾಗಿ, ಸಾಕಷ್ಟು ದೂರದಿಂದ, "ಬೇಡಿ ಬೇಡಿ" ಎನ್ನುತ್ತಿದ್ದೆ.

ಮರುದಿನದಿಂದ ಏಳನೇ ಪ್ರೆಸ್ಸಿನ ಲೆಕ್ಕ ಏರತೊಡಗಿತು. ನಾಲ್ಕೇ ದಿನದಲ್ಲಿ ಅವರ ಹೆಸರು ಕೆಂಪಿನಿಂದ ಜಾರಿ ಹಳದಿಗೆ, ಹಳದಿಯಿಂದ ಹಸಿರಿನ ಅಂಚಿಗೆ ಬಂತು. ನಾನು ಖುಷಿಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಏರುವ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ನೋಡುತ್ತಿದ್ದಂತೆ ನನ್ನ ಹಳೆಯ ರೋಗ ಎದ್ದಿತು. ಐವತ್ತೆರಡು ವರ್ಷದ ಮನುಷ್ಯ ಒಂದು ವಾರದಲ್ಲಿ ಇಷ್ಟು ಚುರುಕಾಗುವುದು ಹೇಗೆ? ಬುಧವಾರ ಬೆಳಿಗ್ಗೆ, ನಾನೇ ಮರೆಮಾಡಿದ್ದ ಎಡಗಡೆಯ ಕಾಲಂ ತೆರೆದೆ.

ಹಿಂದಿನ ದಿನ ಅವರ ಬಲಗುಂಡಿ ಎರಡು ಸಾವಿರ ಚಿಲ್ಲರೆ ಸಲ ಒತ್ತಿಸಿಕೊಂಡಿತ್ತು. ಎಡಗುಂಡಿ, ಒಂದೇ ಒಂದು ಸಲ.

ಶೆಡ್ಡಿಗೆ ಇಳಿದು ಹೋದೆ. ಎಡಗುಂಡಿಗೆ ಒಂದು ಮರದ ತುಂಡು ಸಿಕ್ಕಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ಹಳೆಯ ಮಷೀನು, ಒತ್ತಿರುವುದು ಕೈಯೋ ಕಟ್ಟಿಗೆಯೋ ಅದಕ್ಕೆ ತಿಳಿಯದು. ಬಲಗೈ ಗುಂಡಿಯ ಮೇಲೇ ಇರುತ್ತಿತ್ತು. ಬಿಡುವಾದ ಎಡಗೈ ಅಚ್ಚಿನೊಳಗೆ ತಗಡು ನೂಕುತ್ತಿತ್ತು, ಹೊರಗೆ ಬರುತ್ತಿತ್ತು, ಢಂ. ಒಳಗೆ, ಹೊರಗೆ, ಢಂ.

"ಅಣ್ಣ, ಆ ಕಟ್ಟಿಗೆ ತೆಗೀರಿ" ಎಂದೆ.

ಅವರು ಪ್ರೆಸ್ ನಿಲ್ಲಿಸಿ, ಅಚ್ಚು ಮೀಟುವ ಕಬ್ಬಿಣದ ಸಲಾಕೆಯನ್ನು ಕೈಗೆ ತೆಗೆದುಕೊಂಡರು. "ನೀವ್ ನನ್ನ ಹೆಸ್ರು ತೆಗೀರಿ ಸಾರ್, ನಾನ್ ಕಟ್ಟಿಗೆ ತೆಗೀತೀನಿ. ನಮ್ಮೂರ್ ಹುಡುಗ್ರು ಗೇಟಲ್ಲಿ ನಿಂತ್ಕೊಂಡು ನಿಮ್ ಟೀವಿ ಫೋಟೋ ಹೊಡೀತಾರೆ. ಮನೇಲಿ ಮೊಮ್ಮಗ ಕೇಳ್ತಾನೆ, ತಾತ ನೀನ್ಯಾಕ್ ಕೆಂಪು ಅಂತ."

"ಕೈ ಹೋಗತ್ತೆ ಅಣ್ಣ."

"ನಂದ್ ತಾನೆ ಹೋಗೋದು? ಇನ್ನೊಂದ್ ಸಲ ಇಲ್ಲಿಗ್ ಬಂದ್ರೆ ಈ ಸಲಾಕೆ ನಿಮ್ ತಲೇಲಿರತ್ತೆ."

ಸಲಾಕೆಯನ್ನು ನನ್ನ ಕಿವಿಯ ಪಕ್ಕದ ಕಂಬಕ್ಕೆ ಬೀಸಿದರು. ಕಂಬ ಗಂಟೆಯ ಹಾಗೆ ಮೊಳಗಿತು. ನಾನು ಮೆಟ್ಟಿಲು ಹತ್ತಿದ ವೇಗವನ್ನು ಯಾವ ಪೆಟ್ಟಿಗೆಯೂ ಎಣಿಸಿಲ್ಲ, ಪುಣ್ಯಕ್ಕೆ.

ಮ್ಯಾನೇಜರರ ಬಳಿ ಹೋದೆ. "ಔಟ್‌ಪುಟ್ ಮೇಲೆ ಹೋಗಿದೆ ಅಲ್ವೇನ್ರೀ? ಮತ್ತೇನು?" ಎಂದರು. ಕಟ್ಟಿಗೆಯ ವಿಷಯ ಹೇಳಿದೆ. "ಸೇಫ್ಟಿ ಟ್ರೈನಿಂಗ್ ಕೊಟ್ಟಿದೀವಿ, ಎಲ್ರೂ ಸೈನ್ ಹಾಕಿದಾರೆ. ನೀವ್ ಬಿಡಿ, ಲಿಫ್ಟ್ ಹತ್ತೋಕೂ ಹೆದ್ರೋರು. ನಾಳೆ ಹನ್ನೊಂದಕ್ಕೆ ಕಸ್ಟಮರ್ ಬರ್ತಿದಾರೆ, ಬೋರ್ಡ್ ನೀಟಾಗಿರ್ಲಿ. ಹೆಸರು ಮುಟ್ಬೇಡಿ."

ಲಿಫ್ಟಿನ ವಿಷಯ ನಿಜ. ಆದರೆ ಬೋರ್ಡನ್ನು ಪಬ್ಲಿಶ್ ಮಾಡುವ ಅನುಮತಿ ಇಡೀ ಕಾರ್ಖಾನೆಯಲ್ಲಿ ಇದ್ದದ್ದು ನನ್ನ ಒಬ್ಬನ ಖಾತೆಗೆ. ಮ್ಯಾನೇಜರರ ಖಾತೆಗೆ ನೋಡುವ ಹಕ್ಕು ಮಾತ್ರ. ಆಗಲೇ ಬದಲಿಸಿದ್ದರೆ ಐದು ನಿಮಿಷದಲ್ಲಿ ಕೂಗಾಡಿ ಹಳೆಯದನ್ನೇ ವಾಪಸ್ ಹಾಕಿಸುತ್ತಿದ್ದರು. ಹೊರಗಿನವರ ಎದುರು ಕೂಗಾಡಲು ಆಗುವುದಿಲ್ಲ. ಹಾಗಾಗಿ ಒಂದು ದಿನ ಕಾಯಲು ತೀರ್ಮಾನಿಸಿದೆ. ಇದನ್ನು ಜಾಣತನ ಎಂದು ನಾನು ಅವತ್ತು ಕರೆದುಕೊಂಡೆ. ಒಂದು ದಿನವೆಂದರೆ ಆ ಕೈ ಎರಡು ಸಾವಿರ ಸಲ ಒಳಗೆ ಹೋಗಿ ಬರಬೇಕಿತ್ತು.

ಸಂಜೆಯವರೆಗೆ ಕೂತು ಹೊಸ ಬೋರ್ಡ್ ಕಟ್ಟಿದೆ. ಹೆಸರುಗಳನ್ನು ಕಿತ್ತೆ. ಏಳು ಪ್ರೆಸ್‌ಗಳ ನಂಬರ್, ಪ್ರತಿಯೊಂದಕ್ಕೂ ಎರಡು ಕಂಬ: ಎಡಗುಂಡಿ, ಬಲಗುಂಡಿ. ಕಂಬಗಳು ಮೂಡುತ್ತಿದ್ದಂತೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಏಳನೆಯದು ಮಾತ್ರವಲ್ಲ, ಒಂದು, ಎರಡು, ಐದು, ಆರು, ಎಲ್ಲ ಕಡೆ ಎಡಗಂಬ ನೆಲಕ್ಕೆ ಅಂಟಿತ್ತು. ಎರಡು ಕಂಬಗಳೂ ಸರಿಸಮ ಇದ್ದದ್ದು ಮೂರರಲ್ಲಿ, ಮತ್ತು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡಿದ್ದ ನಾಲ್ಕನೆಯವನಲ್ಲಿ. ಅವನು ಮೋಸವಿಲ್ಲದೆ ಚುರುಕಾಗಿದ್ದ. ಮಿಕ್ಕವರು ಅವನನ್ನು ಹಿಡಿಯಲು, ನನ್ನ ಕೆಂಪಿನಿಂದ ತಪ್ಪಿಸಿಕೊಳ್ಳಲು, ಕೈ ಪಣಕ್ಕಿಟ್ಟಿದ್ದರು. ಬೋರ್ಡಿಗೆ ತಲೆಬರಹ ಬೇಕೆಂದು ತಂತ್ರಾಂಶ ಕೇಳಿತು. "ಎಡಗೈ ಎಲ್ಲಿದೆ?" ಎಂದು ಟೈಪ್ ಮಾಡಿದೆ.

ಗುರುವಾರ ಬಸ್ಸು ಎಲ್ಲಿಗೂ ನುಗ್ಗಲಿಲ್ಲ. ಪಾಸ್‌ವರ್ಡ್ ಮೊದಲ ಸಲಕ್ಕೇ ಒಪ್ಪಿತು. ಹತ್ತೂ ನಲವತ್ತಾರಕ್ಕೆ ಪಬ್ಲಿಶ್ ಒತ್ತಿದೆ. ಟೀವಿ ನಲವತ್ತೈದಕ್ಕೆ ಹೊಸದಾಗಿತ್ತು, ಇನ್ನು ಹನ್ನೊಂದಕ್ಕೇ. ಹದಿನಾಲ್ಕು ನಿಮಿಷ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದೆ. ಹಳೆಯ ಬೋರ್ಡಿನಲ್ಲಿ ಏಳನೆಯವರ ಹೆಸರು ಮತ್ತೆ ಹಳದಿಗೆ ಜಾರಿತ್ತು. ತಲೆಯೆತ್ತಿ ನೋಡಿ ಇನ್ನೂ ಜೋರು ಮಾಡಿದರು. ಒಳಗೆ, ಹೊರಗೆ, ಢಂ. ಅಷ್ಟರಲ್ಲಿ ಒಂದು ತಗಡು ಅಚ್ಚಿಗೆ ಅಂಟಿಕೊಂಡಿತು. ಅವರು ಬಾಗಿ ಮಣಿಕಟ್ಟಿನವರೆಗೆ ಎಡಗೈ ತೂರಿಸಿ ಕಿತ್ತಾಡಿದರು; ಬಲಗೈ ಗುಂಡಿಯ ಮೇಲೇ ಇತ್ತು. ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಬೆಚ್ಚಿ ಒತ್ತಿಬಿಟ್ಟರೆ? ಬಾಯಿ ತೆರೆದೇ ನಿಂತೆ. ತಗಡು ಬಿಟ್ಟುಕೊಂಡಿತು. ಢಂ.

ಮ್ಯಾನೇಜರ್ ಅತಿಥಿಗಳನ್ನು ಕರೆತಂದಾಗ ಟೀವಿ ಒಮ್ಮೆ ಮಿಟುಕಿ ಬದಲಾಯಿತು. ಬಂದವರಲ್ಲಿ ಹಿರಿಯ ಹೆಂಗಸೊಬ್ಬರು ತಲೆಬರಹವನ್ನು ಜೋರಾಗಿ ಓದಿದರು. "ಎಡಗೈ ಎಲ್ಲಿದೆ... ಇದೇನ್ ಸಾರ್, ಲೆಫ್ಟ್ ಒಂದೇ ಒಂದಾ?" ಮ್ಯಾನೇಜರರ ಮುಖ ನಾನು ಆರಿಸಿದ್ದ ಕೆಂಪಿಗೆ ತಿರುಗಿತು. ಆಕೆ ಉತ್ತರಕ್ಕೆ ಕಾಯಲಿಲ್ಲ. ನೇರ ಏಳನೇ ಪ್ರೆಸ್ಸಿಗೆ ನಡೆದು, ಕಟ್ಟಿಗೆಯನ್ನು ನೋಡಿ, ಪಕ್ಕದ ಕಂಬದ ಮೇಲಿದ್ದ, ಎಲ್ಲ ಪ್ರೆಸ್‌ಗಳನ್ನೂ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದರು. ಏಳೂ ಪ್ರೆಸ್‌ಗಳು ಒಟ್ಟಿಗೆ ನಿಂತವು. ಅಷ್ಟು ಮೌನವನ್ನು ಆ ಶೆಡ್ಡಿನಲ್ಲಿ ನಾನು ಕೇಳಿರಲಿಲ್ಲ.

"ಆಪರೇಟರ್ ಯಾರು?"

"ಬೋರ್ಡಲ್ಲಿ ಹೆಸ್ರಿಲ್ಲ ಮೇಡಂ, ನಂಬರ್ ಮಾತ್ರ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಇರ್ಬಾರ್ದು ಕೂಡ. ಎಲ್ಲ ಗುಂಡಿ ಸರಿ ಮಾಡೋವರ್ಗೂ ಒಂದ್ ಪೀಸೂ ತಗೊಳಲ್ಲ ನಾವು. ಈ ಬೋರ್ಡ್ ಮಾತ್ರ ತೆಗೀಬೇಡಿ."

"ಅದಕ್ಕೇ ಮೇಡಂ, ನಾವೇ ಮಾನಿಟರ್ ಮಾಡ್ತಿರೋದು" ಎಂದರು ಮ್ಯಾನೇಜರ್, ಉಸಿರೂ ತೆಗೆದುಕೊಳ್ಳದೆ. ಹಾಗಾಗಿ ನನ್ನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಏಳನೆಯವರನ್ನೂ.

ಮಧ್ಯಾಹ್ನ ಕ್ಯಾಂಟೀನಿನ ನಲ್ಲಿಯ ಹತ್ತಿರ ಏಳನೆಯವರು ನನಗಾಗಿ ಕಾಯುತ್ತಿದ್ದರು. ಬಲಗೈಯಲ್ಲಿ ಊಟದ ಡಬ್ಬಿ ಇತ್ತು.

"ಹೊರ್ಗಿನೋರ್ ಮುಂದೆ ನನ್ನ ಕಳ್ಳನ್ನ ಮಾಡ್ಬಿಟ್ಯಲ್ಲೋ" ಎಂದರು. ಅಲ್ಲಿಯವರೆಗೂ ನಾನು ಅವರಿಗೆ 'ನೀವು' ಆಗಿದ್ದೆ. ಆಮೇಲೆ ಹೊಡೆದರು. ಕಿವಿಯೊಳಗೆ ಎಂಟನೆಯ ಪ್ರೆಸ್ ಶುರುವಾಯಿತು. ನಾನು ನಲ್ಲಿಯ ಕಟ್ಟೆಗೆ ಒರಗಿ ಕುಸಿದೆ, ಬಾಯಲ್ಲಿ ರಕ್ತದ ರುಚಿ. ಅವರು ಮತ್ತೆ ಕೈ ಎತ್ತಿದಾಗ ನಾಲ್ಕನೆಯವನು ಹಿಂದಿನಿಂದ ತಬ್ಬಿ ಹಿಡಿದ.

"ಬಿಡಣ್ಣ, ಸಾಕು. ಇನ್ನೊಂದ್ ಹೊಡೆದ್ರೆ ಸಾರ್ ಅದ್ನೂ ಗ್ರಾಫ್ ಹಾಕ್ತಾರೆ."

ಅವರು ನಗಲಿಲ್ಲ. ಆದರೆ ಕೈ ಇಳಿಸಿದರು.

ಮುಖ ತೊಳೆದು ನಲ್ಲಿಯ ಮೇಲಿನ ಒಡಕು ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಬಲಗೆನ್ನೆಯ ಮೇಲೆ ಅವರ ಎಡಗೈ ಪೂರ್ತಿ ಮೂಡಿತ್ತು: ಬಾಯಿಯ ಮೂಲೆಯಲ್ಲಿ ಹೆಬ್ಬೆರಳು, ಅಲ್ಲಿಂದ ಕಿವಿಯವರೆಗೆ ಮಿಕ್ಕ ನಾಲ್ಕು. ನೆಲದಿಂದ ಕನ್ನಡಕ ಎತ್ತಿಕೊಂಡೆ. ಅದರ ಒಂದು ಕಡ್ಡಿ ಮುರಿದಿತ್ತು.